ಶುದ್ಧಿಯ ಹೆಸರಿನಲ್ಲಿ ನಡೆದ ಸಂಹಾರ

ರಷ್ಯನ್ ಭಾಷೆಯಲ್ಲಿ ‘ಚೀಸ್ತ್ಕ’ ಎಂಬುದೊಂದು ಪದವುಂಟು. ಬಟ್ಟೆಯ ಕೊಳೆಯನ್ನು ತೆಗೆಯುವುದಕ್ಕೂ ಕಾಯಿಪಲ್ಯದ ಸಿಪ್ಪೆಯನ್ನು ಸುಲಿದು ಹಸನುಗೊಳಿಸುವುದಕ್ಕೂ ಸಲ್ಲುವ ಮನೆವಾರ್ತೆಯ ಮಾತು ಅದು. ಶುದ್ಧಿ, ಶುಚೀಕರಣ ಎಂದು ನಾವು ಅದನ್ನು ಕನ್ನಡಿಸಬಹುದು. ನಿರಪಾಯವಾಗಿ ತೋರುವ ಈ ಪದವು ೧೯೨೧ರ ಸುಮಾರಿನಲ್ಲಿ ಸೋವಿಯತ್ ದೇಶವನ್ನಾಳುತ್ತಿದ್ದ ಪಕ್ಷದ ವ್ಯವಹಾರದಲ್ಲಿ ರೂಢಿಗೆ ಬಂದು, ೧೯೩೭ರ ಹೊತ್ತಿಗೆ ಲಕ್ಷಾಂತರ ಜನರ ಮರಣಕ್ಕೆ ಪರ್ಯಾಯನಾಮವಾಗಿ ಪರಿಣಮಿಸಿತು. ಒಂದು ಒಳ್ಳೆಯ ಮಾತು ಅಷ್ಟು ದೂರ ನಡೆದುಹೋದುದು ಹೇಗೆ? ಒಬ್ಬ ನಾಯಕನು ತನ್ನ ಸಮಾನರನ್ನೆಲ್ಲ ಒಬ್ಬೊಬ್ಬರನ್ನಾಗಿ ತೊಡೆದುಹಾಕಿ ಏಕಾಧಿಪತಿಯಾದ ಆ ಚರಿತ್ರೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶುದ್ಧಿಯೆಂಬ ಮಾತು ವಚನಸಾಹಿತ್ಯದ ಅಭ್ಯಾಸಿಗಳಿಗೆ ಹೊಸದಲ್ಲ. ಆದುದರಿಂದಲೇ ಅದರ ದುರುಪಯೋಗದ ಕಥೆಯೂ ನಮಗೆ ಅನ್ಯವಾಗಬಾರದು.

೧೯೨೧ರಲ್ಲಿ ಪಕ್ಷದ ಶುದ್ಧೀಕರಣವೆಂದರೆ ಸದಸ್ಯರ ಯೋಗ್ಯತೆಯ ಪರೀಕ್ಷೆ ಎಂದಷ್ಟೇ ಅರ್ಥವಿದ್ದಿತು. ಕ್ರಾಂತಿಯು ಗೆದ್ದ ಮೇಲೆ ಅಧಿಕಾರದ ಆಸೆಯಿಂದ ಒಳಸೇರಿದವರು, ಲಂಚಕೋರರು, ಕುಡುಕರು ಇಂಥವರನ್ನು ವಿಚಾರಿಸಿ ಸದಸ್ಯತ್ವದ ಚೀಟಿಯನ್ನು ಹಿಂದಕ್ಕೆ ಪಡೆಯುತ್ತಿದ್ದರು. ಆ ವರ್ಷ ಒಂದು ಲಕ್ಷಕ್ಕೂ ಮಿಕ್ಕ ಜನ ಹೊರಹಾಕಲ್ಪಟ್ಟರು. ಹೋದದ್ದು ಚೀಟಿ, ಪ್ರಾಣವಲ್ಲ. ಆದರೆ ಆ ಏರ್ಪಾಡಿನಲ್ಲಿ ಒಂದು ದೋಷಬೀಜವು ಅಡಗಿಯೇ ಇದ್ದಿತು. ಯಾರು ಶುದ್ಧರು, ಯಾರು ಅಶುದ್ಧರು ಎಂಬುದನ್ನು ತೀರ್ಮಾನಿಸುವವನನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಬೇರೆ ಪಕ್ಷಗಳೆಲ್ಲವೂ ನಿಷಿದ್ಧವಾಗಿದ್ದುವು. ಆಳುವ ಪಕ್ಷದೊಳಗೆ ಬಣಗಳನ್ನು ಕಟ್ಟುವುದನ್ನೂ ಆ ವರ್ಷದ ಮಾರ್ಚಿಯಲ್ಲಿ ಸೇರಿದ ಹತ್ತನೆಯ ಮಹಾಧಿವೇಶನವು ನಿಷೇಧಿಸಿತು. ಭಿನ್ನಾಭಿಪ್ರಾಯಕ್ಕೆ ಹೊರಗೂ ಎಡೆಯಿಲ್ಲ, ಒಳಗೂ ಎಡೆಯಿಲ್ಲ ಎಂಬ ಸ್ಥಿತಿ ಹೀಗೆ ಒದಗಿತು. ಇದನ್ನು ಒದಗಿಸಿದವನು ಸ್ಟಾಲಿನ್ ಒಬ್ಬನೇ ಅಲ್ಲ. ಮುಂದೆ ಅವನಿಂದ ಹತರಾದ ನಾಯಕರಲ್ಲಿ ಅನೇಕರೂ ಅದಕ್ಕೆ ಕೈಯೆತ್ತಿದವರೇ.

ಜೋಸೆಫ್ ಸ್ಟಾಲಿನ್ ಜಾರ್ಜಿಯದ ಗೋರಿ ಎಂಬ ಊರಿನವನು. ಪಾದ್ರಿಯಾಗಲೆಂದು ತಾಯಿ ಕಳುಹಿಸಿದ ಟಿಫ್ಲಿಸಿನ ಧಾರ್ಮಿಕ ವಿದ್ಯಾಲಯದಲ್ಲಿ ೧೮೯೪ರಿಂದ ೧೮೯೯ರವರೆಗೆ ಓದಿದವನು. ಟ್ರಾಟ್‌ಸ್ಕಿಯ ವಾಗ್ಮಿತೆಯಾಗಲಿ ಬುಖಾರಿನ್ನನ ಪಾಂಡಿತ್ಯವಾಗಲಿ ಅವನಲ್ಲಿರಲಿಲ್ಲ. ೧೯೨೨ರ ಏಪ್ರಿಲ್‌ನಲ್ಲಿ ಅವನು ಪಕ್ಷದ ಪ್ರಧಾನ ಕಾರ್ಯದರ್ಶಿಯಾದಾಗ ಸಹೋದ್ಯೋಗಿಗಳು ಅದನ್ನು ಕಡತಗಳ ಮೇಲ್ವಿಚಾರಣೆಯ ನೀರಸವಾದ ಕೆಲಸವೆಂದೇ ಭಾವಿಸಿದರು. ಆದರೆ ಯಾವ ಪ್ರಾಂತಕ್ಕೆ ಯಾರು ಕಾರ್ಯದರ್ಶಿ, ಯಾವ ಅಧಿವೇಶನಕ್ಕೆ ಯಾರು ಪ್ರತಿನಿಧಿ ಎಂಬುದೆಲ್ಲ ಆ ಮೇಜಿನ ಮೇಲೆಯೇ ನಿಶ್ಚಯವಾಗುತ್ತಿದ್ದಿತು. ನೇಮಕ ಮಾಡಿದವನ ಋಣದಲ್ಲಿ ಸಾವಿರಾರು ಜನ ಬಿದ್ದರು. ಸಭೆಯಲ್ಲಿ ವಾದವನ್ನು ಗೆಲ್ಲಬೇಕಾದ ಅಗತ್ಯವೇ ಅವನಿಗೆ ಬರಲಿಲ್ಲ. ಮತವನ್ನು ಹಾಕುವ ಕೈಗಳೇ ಅವನವಾಗಿದ್ದುವು.

ಹಾಸಿಗೆ ಹಿಡಿದಿದ್ದ ಲೆನಿನ್ನನಿಗೆ ಈ ಅಪಾಯದ ಸುಳಿವು ಹತ್ತಿತು. ೧೯೨೨ರ ಡಿಸೆಂಬರಿನಲ್ಲಿ ಅಧಿವೇಶನಕ್ಕೆಂದು ಅವನು ಬರೆಯಿಸಿದ ಪತ್ರಕ್ಕೆ ೧೯೨೩ರ ಜನವರಿ ೪ರಂದು ಅನುಬಂಧವೊಂದನ್ನು ಸೇರಿಸಿ, ಸ್ಟಾಲಿನ್ ಒರಟು ಸ್ವಭಾವದವನಾದ್ದರಿಂದ ಅವನನ್ನು ಆ ಸ್ಥಾನದಿಂದ ತೆಗೆಯುವ ಮಾರ್ಗವನ್ನು ಆಲೋಚಿಸಬೇಕೆಂದು ಸೂಚಿಸಿದನು. ೧೯೨೪ರ ಜನವರಿ ೨೧ರಂದು ಲೆನಿನ್ ತೀರಿಕೊಂಡನು. ಮೇ ತಿಂಗಳಲ್ಲಿ ಪತ್ರವನ್ನು ಪ್ರತಿನಿಧಿಗಳಿಗೆ ಓದಿ ತೋರಿಸಲಾಯಿತು. ಆಗ ಸ್ಟಾಲಿನ್ನನ ಪರವಾಗಿ ನಿಂತು ಅವನ ಸ್ಥಾನವನ್ನು ಉಳಿಸಿದವರು ಜಿನೊವಿಯೆವ್ ಮತ್ತು ಕಾಮೆನೆವ್. ಟ್ರಾಟ್‌ಸ್ಕಿಯ ಮೇಲಣ ಭಯ ಅವರಿಗೆ ಸ್ಟಾಲಿನ್ನನ ಮೇಲಣ ಭಯಕ್ಕಿಂತ ದೊಡ್ಡದಾಗಿದ್ದಿತು. ಟ್ರಾಟ್‌ಸ್ಕಿಯಾದರೂ ಆ ಸಂದರ್ಭದಲ್ಲಿ ಬಾಯಿ ಬಿಡಲಿಲ್ಲ. ಆ ಪತ್ರವು ಸೋವಿಯತ್ ದೇಶದಲ್ಲಿ ಬಹಿರಂಗವಾಗಿ ಅಚ್ಚಾಗಲು ೧೯೫೬ರವರೆಗೆ ಕಾಯಬೇಕಾಯಿತು.

ಮುಂದಿನ ಐದಾರು ವರ್ಷಗಳ ಚರಿತ್ರೆಯಲ್ಲಿ ಒಂದೇ ವಿನ್ಯಾಸ ಮತ್ತೆ ಮತ್ತೆ ಕಾಣುತ್ತದೆ. ಜಿನೊವಿಯೆವ್ ಮತ್ತು ಕಾಮೆನೆವರ ನೆರವಿನಿಂದ ಟ್ರಾಟ್‌ಸ್ಕಿಯನ್ನು ೧೯೨೫ರ ಜನವರಿಯಲ್ಲಿ ಯುದ್ಧಖಾತೆಯಿಂದ ಇಳಿಸಲಾಯಿತು. ಅದೇ ವರ್ಷ ಆ ಇಬ್ಬರಿಗೂ ಸ್ಟಾಲಿನ್ನನಿಗೂ ವಿರಸ ಬಂದಿತು. ೧೯೨೬ರಲ್ಲಿ ಅವರು ತಾವೇ ಕೆಳಗಿಳಿಸಿದ ಟ್ರಾಟ್‌ಸ್ಕಿಯೊಡನೆ ಕೂಡಿಕೊಂಡರು. ಆಗ ಸ್ಟಾಲಿನ್ನನಿಗೆ ಸಿದ್ಧಾಂತದ ಆಯುಧಗಳನ್ನು ಒದಗಿಸಿದವನು ಬುಖಾರಿನ್. ೧೯೨೭ರ ಕೊನೆಯ ವೇಳೆಗೆ ಆ ಮೂವರೂ ಪಕ್ಷದಿಂದ ಉಚ್ಚಾಟಿತರಾದರು. ಟ್ರಾಟ್‌ಸ್ಕಿಯನ್ನು ೧೯೨೮ರಲ್ಲಿ ಆಲ್ಮಾ-ಅತಾಕ್ಕೂ ೧೯೨೯ರಲ್ಲಿ ದೇಶದಿಂದಲೇ ಹೊರಕ್ಕೂ ಅಟ್ಟಲಾಯಿತು. ಇನ್ನು ಉಳಿದವನು ಬುಖಾರಿನ್. ರೈತರಿಂದ ಧಾನ್ಯವನ್ನು ಬಲಾತ್ಕಾರವಾಗಿ ಕಸಿಯಬಾರದೆಂದು ಅವನು ವಾದಿಸತೊಡಗಿದಾಗ ಅವನ ಪರವಾಗಿ ಮಾತನಾಡಬಲ್ಲವರನ್ನೆಲ್ಲ ಅವನೇ ಮುಂಚಿತವಾಗಿ ಕಳೆದುಕೊಂಡಿದ್ದನು. ೧೯೨೯ರ ನವೆಂಬರಿನಲ್ಲಿ ಅವನೂ ಪರಮಾಧಿಕಾರ ಮಂಡಲಿಯಿಂದ ಹೊರಬಿದ್ದನು. ಪ್ರತಿಯೊಬ್ಬನೂ ಇನ್ನೊಬ್ಬನ ಉಚ್ಚಾಟನೆಗೆ ತನ್ನ ಮಾತನ್ನು ಕೊಟ್ಟನು. ತನ್ನ ಸರದಿ ಬಂದಾಗ ಆಡಲು ಅವನ ಬಳಿ ಮಾತೇ ಉಳಿದಿರಲಿಲ್ಲ.

ಪ್ರತಿಸ್ಪರ್ಧಿಗಳಿಲ್ಲದ ಅಧಿಕಾರ ದೇಶದ ಮೇಲೆ ಎರಗಿದ ಬಗೆಯನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ಬಲಾತ್ಕಾರದ ಸಾಮೂಹಿಕ ಬೇಸಾಯ, ಅದರ ಬೆನ್ನಿಗೆ ೧೯೩೨–೩೩ರಲ್ಲಿ ಉಕ್ರೇನ್, ಕಜಕ್‌ಸ್ತಾನ ಮೊದಲಾದೆಡೆಗಳಲ್ಲಿ ಲಕ್ಷೋಪಲಕ್ಷ ಜನರನ್ನು ಬಲಿಗೊಂಡ ಕ್ಷಾಮ, ಇವೆರಡನ್ನು ಹೆಸರಿಸಿದರೆ ಸಾಕು. ಇದಾದ ಮೇಲೆ ೧೯೩೪ರ ಜನವರಿ–ಫೆಬ್ರವರಿಗಳಲ್ಲಿ ನೆರೆದ ಹದಿನೇಳನೆಯ ಮಹಾಧಿವೇಶನವನ್ನು ‘ವಿಜಯಿಗಳ ಅಧಿವೇಶನ’ವೆಂದು ಕರೆದರು. ಸೋತವರನ್ನೂ ವೇದಿಕೆಗೆ ಕರೆದು ನಾಯಕನ ಸ್ತುತಿಯನ್ನು ಮಾಡಿಸಿದರು. ಹೊರನೋಟಕ್ಕೆ ಶಾಂತಿ ನೆಲೆಸಿದಂತಿದ್ದಿತು. ಆ ಅಧಿವೇಶನದ ೧೯೬೬ ಪ್ರತಿನಿಧಿಗಳಲ್ಲಿ ೧೧೦೮ ಮಂದಿ ಮುಂದೆ ಬಂಧಿತರಾದರೆಂದೂ, ಅಲ್ಲಿ ಚುನಾಯಿತರಾದ ಕೇಂದ್ರಸಮಿತಿಯ ೧೩೯ ಸದಸ್ಯರು ಮತ್ತು ಉಪಸದಸ್ಯರಲ್ಲಿ ೯೮ ಮಂದಿ ಗುಂಡಿಗೆ ಬಲಿಯಾದರೆಂದೂ ೧೯೫೬ರಲ್ಲಿ ಕ್ರುಶ್ಚೇವನೇ ಲೆಕ್ಕ ಕೊಟ್ಟನು.

೧೯೩೪ರ ಡಿಸೆಂಬರ್ ೧ರಂದು ಲೆನಿನ್‌ಗ್ರಾಡಿನ ಸ್ಮೋಲ್ನಿ ಭವನದಲ್ಲಿ ಆ ನಗರದ ಪಕ್ಷನಾಯಕ ಕಿರೊವನನ್ನು ನಿಕೊಲಾಯೆವ್ ಎಂಬವನು ಗುಂಡಿಟ್ಟು ಕೊಂದನು. ಅದೇ ದಿನ ಹೊಸ ಶಾಸನವೊಂದು ಹೊರಟಿತು: ಇಂಥ ಮೊಕದ್ದಮೆಗಳ ತನಿಖೆ ಹತ್ತು ದಿನಗಳೊಳಗೆ ಮುಗಿಯತಕ್ಕದ್ದು, ಮೇಲ್ಮನವಿಗೆ ಅವಕಾಶವಿರತಕ್ಕದ್ದಲ್ಲ, ಮರಣದಂಡನೆಯನ್ನು ಒಡನೆಯೇ ನೆರವೇರಿಸತಕ್ಕದ್ದು. ಚೀಟಿ ಕಿತ್ತುಕೊಳ್ಳುವ ಶುದ್ಧೀಕರಣ ಪ್ರಾಣ ಕಿತ್ತುಕೊಳ್ಳುವ ಶುದ್ಧೀಕರಣವಾದುದು ಈ ಘಟ್ಟದಲ್ಲಿ.

ಆಮೇಲೆ ಮಾಸ್ಕೋದಲ್ಲಿ ಮೂರು ಬಹಿರಂಗ ವಿಚಾರಣೆಗಳು ನಡೆದುವು. ೧೯೩೬ರ ಆಗಸ್ಟಿನಲ್ಲಿ ಜಿನೊವಿಯೆವ್, ಕಾಮೆನೆವ್ ಸೇರಿ ೧೬ ಮಂದಿ. ೧೯೩೭ರ ಜನವರಿಯಲ್ಲಿ ಪ್ಯಾತಕೊವ್, ರಾಡೆಕ್ ಸೇರಿ ೧೭ ಮಂದಿ. ೧೯೩೮ರ ಮಾರ್ಚಿಯಲ್ಲಿ ಬುಖಾರಿನ್, ರಿಕೊವ್ ಸೇರಿ ೨೧ ಮಂದಿ. ವಿಶಿನ್‌ಸ್ಕಿಯೆಂಬ ಅಭಿಯೋಜಕನು ಆಪಾದಿತರನ್ನು ಪಶುಗಳ ಹೆಸರುಗಳಿಂದ ನಿಂದಿಸುತ್ತಿದ್ದನು. ಗೂಢಚರ್ಯೆ, ರಾಜದ್ರೋಹ, ಕೊಲೆಯ ಒಳಸಂಚು ಎಲ್ಲವನ್ನೂ ಆಪಾದಿತರು ತಮ್ಮ ಬಾಯಿಂದಲೇ ಒಪ್ಪಿಕೊಂಡರು. ಒಪ್ಪಿಗೆಯ ಹೊರತು ಗಟ್ಟಿಯಾದ ಸಾಕ್ಷ್ಯವಿರಲಿಲ್ಲ. ಇದ್ದ ಅಲ್ಪಸ್ವಲ್ಪ ವಿವರಗಳೂ ಪರೀಕ್ಷೆಗೆ ನಿಲ್ಲಲಿಲ್ಲ. ೧೯೩೨ರಲ್ಲಿ ಕೋಪನ್‌ಹೇಗನ್ನಿನ ಬ್ರಿಸ್ಟಲ್ ಹೋಟೆಲಿನಲ್ಲಿ ಟ್ರಾಟ್‌ಸ್ಕಿಯ ಮಗನನ್ನು ಕಂಡೆನೆಂದು ಮೊದಲ ವಿಚಾರಣೆಯಲ್ಲಿ ಒಬ್ಬನು ನುಡಿದನು. ಆ ಹೋಟೆಲನ್ನು ೧೯೧೭ರಲ್ಲಿಯೇ ಕೆಡವಿಹಾಕಲಾಗಿತ್ತು. ೧೯೩೫ರ ಡಿಸೆಂಬರಿನಲ್ಲಿ ವಿಮಾನವೇರಿ ಆಸ್ಲೋಗೆ ಹೋದೆನೆಂದು ಪ್ಯಾತಕೊವ್ ನುಡಿದನು. ಆ ತಿಂಗಳು ಅಲ್ಲಿ ಯಾವ ಪರದೇಶದ ವಿಮಾನವೂ ಇಳಿದಿರಲಿಲ್ಲವೆಂದು ನಾರ್ವೆಯವರು ತಿಳಿಸಿದರು. ಮೂರನೆಯ ವಿಚಾರಣೆಯ ಮೊದಲ ದಿನ ಕ್ರೆಸ್ತಿನ್‌ಸ್ಕಿಯೊಬ್ಬನು ಎದ್ದುನಿಂತು ತಾನು ನಿರಪರಾಧಿಯೆಂದು ಹೇಳಿದನು. ಮರುದಿನ ಅವನು ಮತ್ತೆ ಎದ್ದು ಎಲ್ಲವನ್ನೂ ಒಪ್ಪಿಕೊಂಡನು. ನಡುವಿನ ಆ ಒಂದು ರಾತ್ರಿಯ ವೃತ್ತಾಂತವನ್ನು ಊಹಿಸಲು ಹೆಚ್ಚಿನ ಪ್ರತಿಭೆ ಬೇಕಾಗಿಲ್ಲ. ೧೯೩೭ರಿಂದ ದೈಹಿಕ ಹಿಂಸೆಗೆ ಪಕ್ಷದ ಅನುಮತಿಯಿದೆಯೆಂದು ೧೯೩೯ರ ಜನವರಿಯಲ್ಲಿ ಸ್ಟಾಲಿನ್ನನೇ ತಂತಿ ಕಳುಹಿಸಿದ್ದನು. ಹೆಂಡಿರು ಮಕ್ಕಳು ಸೆರೆಯಾಳುಗಳ ಪಾಲಿಗೆ ಒತ್ತೆಯಾಗಿದ್ದರು.

ಕೊಲ್ಲುವ ಅಧಿಕಾರವಿದ್ದವನಿಗೆ ಈ ಒಪ್ಪಿಗೆಯೇಕೆ ಬೇಕಾಗಿತ್ತು ಎಂಬುದು ವಿಚಾರಾರ್ಹ. ದೇಹವನ್ನು ಕೊಂದರೆ ಮಾತು ಉಳಿಯುತ್ತದೆ. ಆದುದರಿಂದ ಮಾತನ್ನು ಮೊದಲು ಕೊಲ್ಲಬೇಕು. ಇಲ್ಲಿ ನಮ್ಮ ಶೂನ್ಯಸಂಪಾದನೆಯ ಪ್ರಸಂಗಗಳು ಸ್ಮರಣೆಗೆ ಬಾರದಿರವು. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನೂ ಸಿದ್ಧರಾಮನನ್ನೂ ಪ್ರಶ್ನಿಸುವ ಬಗೆ ಅತ್ಯಂತ ಕಠೋರವಾದದ್ದು. ಆದರೆ ಅಲ್ಲಿ ಉತ್ತರ ಕೊಡುವವರ ನಾಲಗೆ ಅವರದಾಗಿಯೇ ಉಳಿಯುತ್ತದೆ. ಪ್ರಶ್ನಿಸಿದವರೂ ಉತ್ತರಕ್ಕೆ ತಲೆಬಾಗುತ್ತಾರೆ. ಪರೀಕ್ಷೆಯ ಅಂತ್ಯದಲ್ಲಿ ಪರೀಕ್ಷಿತರು ದೊಡ್ಡವರಾಗುತ್ತಾರೆ. ಮಾಸ್ಕೋದ ಸಭಾಂಗಣದಲ್ಲಿ ಪ್ರಶ್ನೆಯೂ ಉತ್ತರವೂ ಒಂದೇ ಕಚೇರಿಯಲ್ಲಿ ಸಿದ್ಧವಾಗಿ ಬಂದಿದ್ದುವು. ಶರಣರು ಶುದ್ಧಿಯನ್ನು ತನ್ನಿಂದ ತೊಡಗಬೇಕಾದ ಕಾರ್ಯವೆಂದು ಬಗೆದರು. ಅಲ್ಲಿ ಅದು ಪರರಿಂದಲೇ ತೊಡಗಿತು. ಶುದ್ಧಗೊಳಿಸುವವನನ್ನು ಎಂದೂ ಮುಟ್ಟಲಿಲ್ಲ.

ಆಪಾದಿತರೆಲ್ಲರೂ ನಿಷ್ಕಳಂಕರೆಂದು ಚಿತ್ರಿಸುವುದೂ ಸತ್ಯಕ್ಕೆ ದೂರ. ಜಿನೊವಿಯೆವ್ ಮತ್ತು ಕಾಮೆನೆವರಿಗೆ ಕ್ಷಮೆ ಸಲ್ಲದೆಂದು ಪ್ಯಾತಕೊವ್ ೧೯೩೬ರ ಆಗಸ್ಟಿನಲ್ಲಿ ‘ಪ್ರಾವ್ದಾ’ ಪತ್ರಿಕೆಯಲ್ಲಿ ಬರೆದನು. ಮುಂದಿನ ತಿಂಗಳೇ ಅವನನ್ನು ಬಂಧಿಸಲಾಯಿತು. ಅವರಿಬ್ಬರಿಗೆ ಗುಂಡಿಕ್ಕಿದ ವಾರವೊಂದರೊಳಗೆ ಬುಖಾರಿನ್ ಕೂಡ ಹರ್ಷವನ್ನು ಪ್ರಕಟಿಸಿ ಸೇನಾಮಂತ್ರಿ ವೊರೊಶಿಲೊವನಿಗೆ ಪತ್ರ ಬರೆದನು. ಅದೇ ವರ್ಷದ ಡಿಸೆಂಬರ್ ೫ರಂದು ಅಂಗೀಕೃತವಾದ, ವಾಕ್‌ಸ್ವಾತಂತ್ರ್ಯವನ್ನೂ ಮುದ್ರಣಸ್ವಾತಂತ್ರ್ಯವನ್ನೂ ಪ್ರಜೆಗಳಿಗೆ ವಾಗ್ದಾನ ಮಾಡಿದ ರಾಜ್ಯಾಂಗದ ಕರಡುಸಮಿತಿಯಲ್ಲಿ ದುಡಿದವನೂ ಅವನೇ. ೧೯೩೭ರ ಫೆಬ್ರವರಿ ೨೭ರಂದು ಅವನು ಬಂಧಿತನಾದನು; ೧೯೩೮ರ ಮಾರ್ಚಿ ೧೫ರಂದು ಅವನ ಮರಣದಂಡನೆ ನೆರವೇರಿತು.

ನಾಯಕರ ಬಲಿ ಲೋಕಕ್ಕೆ ಕಂಡಿತು. ಕಾಣದ ಬಲಿ ಅದಕ್ಕಿಂತ ಬಹುಪಾಲು ದೊಡ್ಡದು. ೧೯೩೭ರ ಜೂನ್‌ನಲ್ಲಿ ಮಾರ್ಷಲ್ ತುಖಾಚೆವ್‌ಸ್ಕಿಯೇ ಮೊದಲಾದ ಸೇನಾಪತಿಗಳನ್ನು ಕೊಲ್ಲಲಾಯಿತು. ದೇಶದ ಐವರು ಮಾರ್ಷಲರಲ್ಲಿ ಮೂವರು ಹೀಗೆ ನಾಶವಾದರು. ತುಖಾಚೆವ್‌ಸ್ಕಿಗೆ ಶಿಕ್ಷೆ ವಿಧಿಸಿದ ಪೀಠದಲ್ಲಿ ಕುಳಿತಿದ್ದ ಮಾರ್ಷಲ್ ಬ್ಲ್ಯೂಖೆರ್ ಮರುವರ್ಷ ಸೆರೆಮನೆಯಲ್ಲಿಯೇ ಸತ್ತನು. ಅದೇ ಜುಲೈ ೩೦ರಂದು ಹೊರಟ ೦೦೪೪೭ನೆಯ ಸಂಖ್ಯೆಯ ಗುಪ್ತ ಆಜ್ಞೆಯಲ್ಲಿ ಪ್ರತಿಯೊಂದು ಪ್ರಾಂತದಲ್ಲಿ ಎಷ್ಟು ಜನರನ್ನು ಕೊಲ್ಲಬೇಕು, ಎಷ್ಟು ಜನರನ್ನು ಶಿಬಿರಕ್ಕೆ ಕಳುಹಿಸಬೇಕು ಎಂಬ ಪ್ರಮಾಣವನ್ನು ಗೊತ್ತುಮಾಡಿದ್ದರು. ಧಾನ್ಯದ ಲೆವಿಯನ್ನು ಗೊತ್ತುಮಾಡುವಂತೆ ಮನುಷ್ಯರ ಲೆವಿ. ಸುಮಾರು ೭೬,೦೦೦ ಮಂದಿಯನ್ನು ಕೊಲ್ಲಬೇಕೆಂದೂ ೧,೯೩,೦೦೦ ಮಂದಿಯನ್ನು ಶಿಬಿರಕ್ಕೆ ಕಳುಹಿಸಬೇಕೆಂದೂ ಮೊದಲ ಪಟ್ಟಿಯಲ್ಲಿದ್ದಿತು. ಪ್ರಾಂತಾಧಿಕಾರಿಗಳು ತಮ್ಮ ನಿಷ್ಠೆಯನ್ನು ತೋರಿಸಲು ಪ್ರಮಾಣವನ್ನು ಹೆಚ್ಚಿಸಬೇಕೆಂದು ಮನವಿ ಮಾಡಿಕೊಂಡರು, ಮನವಿಗಳು ಮಂಜೂರಾದುವು. ಮೂವರ ಸಮಿತಿಗಳು ಆಪಾದಿತನ ಮುಖವನ್ನೂ ನೋಡದೆ ತೀರ್ಪು ಬರೆದುವು. ಮುಖ್ಯರಾದವರ ಹೆಸರುಗಳನ್ನೊಳಗೊಂಡ ೩೮೩ ಪಟ್ಟಿಗಳು ಸ್ಟಾಲಿನ್ನನ ಮೇಜಿಗೆ ಹೋಗಿದ್ದುವೆಂದು ಕ್ರುಶ್ಚೇವ್ ತಿಳಿಸಿದನು. ೧೯೩೭ ಮತ್ತು ೧೯೩೮ ಈ ಎರಡೇ ವರ್ಷಗಳಲ್ಲಿ ಮರಣದಂಡನೆಗೆ ಗುರಿಯಾದವರ ಸಂಖ್ಯೆ ೬,೮೧,೬೯೨ ಎಂದು ಆ ಸರಕಾರದ ದಾಖಲೆಗಳೇ ಹೇಳುತ್ತವೆ. ರೈತರು, ಪಾದ್ರಿಗಳು, ಉಪಾಧ್ಯಾಯರು, ಯಂತ್ರಶಿಲ್ಪಿಗಳು, ಗಡಿನಾಡಿನ ಅಲ್ಪಸಂಖ್ಯಾತರು ಇವರಲ್ಲಿ ಬಹುಸಂಖ್ಯಾತರು. ಅಧಿಕಾರಕ್ಕೆ ಪ್ರತಿಸ್ಪರ್ಧಿಗಳಾಗುವ ಕನಸನ್ನೂ ಕಾಣದವರು ಅವರು.

ಈ ಅಗ್ನಿಯಲ್ಲಿ ಭಾರತೀಯರೂ ಬೆಂದರು. ಸರೋಜಿನಿ ನಾಯಿಡು ಅವರ ಸೋದರ ವೀರೇಂದ್ರನಾಥ ಚಟ್ಟೋಪಾಧ್ಯಾಯರು ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನಿಂದ ಭಾರತದ ಸ್ವಾತಂತ್ರ್ಯಕ್ಕಾಗಿ ದುಡಿದವರು. ೧೯೨೭ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯಶಾಹಿ ವಿರೋಧಿ ಸಂಘದ ಕಾರ್ಯದರ್ಶಿಗಳಾಗಿದ್ದವರು. ಆಶ್ರಯವನ್ನರಸಿ ರಷ್ಯಕ್ಕೆ ಹೋದ ಅವರು ಲೆನಿನ್‌ಗ್ರಾಡಿನ ವಿದ್ವತ್ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ೧೯೩೭ರ ಜುಲೈಯಲ್ಲಿ ಬಂಧಿತರಾಗಿ ಸೆಪ್ಟೆಂಬರ್ ೨ರಂದು ಹತರಾದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಪತಿ ಹರೀಂದ್ರನಾಥರು ಇವರ ಕಿರಿಯ ಸೋದರರು. ಆ ಮೂಲಕ ಈ ದುರಂತದ ನೆಳಲು ಕನ್ನಡನಾಡಿನ ಮಗಳೊಬ್ಬಳ ಮನೆತನದವರೆಗೂ ಚಾಚಿತ್ತೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ೧೯೨೦ರಲ್ಲಿ ತಾಷ್ಕೆಂಟಿನಲ್ಲಿ ಭಾರತೀಯ ಕಮ್ಯೂನಿಸ್ಟ್ ಪಕ್ಷವನ್ನು ಕಟ್ಟಿದವರಲ್ಲೊಬ್ಬರಾದ ಅವನಿ ಮುಖರ್ಜಿಯವರದೂ ಅದೇ ವರ್ಷ ಅದೇ ಗತಿ.

ಕೊಲ್ಲಿಸಿದವನು ಕೊಲ್ಲುವ ಆಯುಧಗಳನ್ನೂ ಉಳಿಸಲಿಲ್ಲ. ಮೊದಲ ವಿಚಾರಣೆಯನ್ನು ಸಿದ್ಧಪಡಿಸಿದ ಗುಪ್ತಪೊಲೀಸಿನ ಮುಖ್ಯಸ್ಥ ಯಗೋದ ಮೂರನೆಯ ವಿಚಾರಣೆಯಲ್ಲಿ ಆಪಾದಿತನಾಗಿ ನಿಂತನು. ಅವನ ಸ್ಥಾನಕ್ಕೆ ಬಂದ ಯೆಝೋವನನ್ನು ೧೯೪೦ರ ಫೆಬ್ರವರಿಯಲ್ಲಿ ಗುಂಡಿಕ್ಕಿದರು. ಕಾಲುವೆಯ ದಡದಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ಯೆಝೋವ್ ನಿಂತಿದ್ದ ಛಾಯಾಚಿತ್ರದಿಂದ ಅವನನ್ನು ಅಳಿಸಿದರು. ಅವನಿದ್ದೆಡೆಯಲ್ಲಿ ಈಗ ಬರಿಯ ನೀರು ಕಾಣುತ್ತದೆ. ೧೯೩೮ರಲ್ಲಿ ಪ್ರಕಟವಾದ ಪಕ್ಷದ ಸಂಕ್ಷಿಪ್ತ ಇತಿಹಾಸದಲ್ಲಿ ಕ್ರಾಂತಿಯ ಕಾಲದ ನಾಯಕರು ಮೊದಲಿನಿಂದಲೂ ದ್ರೋಹಿಗಳೇ ಆಗಿದ್ದರು ಎಂದಾಯಿತು. ಶಾಲೆಯ ಮಕ್ಕಳು ತಮ್ಮ ಪುಸ್ತಕಗಳಲ್ಲಿ ನಿನ್ನೆಯ ವೀರರ ಮುಖಗಳಿಗೆ ಮಸಿ ಬಳಿದರು. ವರ್ತಮಾನದ ಶುದ್ಧೀಕರಣ ಮುಗಿದ ಮೇಲೆ ಭೂತಕಾಲದ ಶುದ್ಧೀಕರಣ.

ಆದರೂ ಎಲ್ಲ ಮಾತುಗಳೂ ಸಾಯಲಿಲ್ಲ. ಬಂಧನಕ್ಕೆ ಮುನ್ನ ಬುಖಾರಿನ್ ಮುಂದಿನ ಪೀಳಿಗೆಯ ನಾಯಕರಿಗೆಂದು ಪತ್ರವೊಂದನ್ನು ಬರೆದು, ತನ್ನ ತರುಣಪತ್ನಿ ಆನಾ ಲಾರಿನಾಳಿಗೆ ಅದನ್ನು ಬಾಯಿಪಾಠ ಮಾಡಿಸಿ, ಕಾಗದವನ್ನು ನಾಶಗೊಳಿಸಿದನು. ಅವಳ ವಯಸ್ಸು ಆಗ ಇಪ್ಪತ್ತೆರಡು ಇಪ್ಪತ್ಮೂರು. ಮಡಿಲಲ್ಲಿ ವರ್ಷ ತುಂಬದ ಮಗು. ಸೆರೆಮನೆ, ಶಿಬಿರ, ಗಡೀಪಾರುಗಳಲ್ಲಿ ಸುಮಾರು ಇಪ್ಪತ್ತು ವರ್ಷಗಳನ್ನು ಕಳೆದ ಆಕೆ ಆ ಪತ್ರವನ್ನು ಮನಸ್ಸಿನಲ್ಲಿಯೇ ಮತ್ತೆ ಮತ್ತೆ ಹೇಳಿಕೊಂಡು ಕಾಪಾಡಿದಳು. ೧೯೫೬ರಲ್ಲಿ ಮಗನನ್ನು ಮರಳಿ ಕಂಡಾಗ ಅವನಿಗೆ ತನ್ನ ತಂದೆ ಯಾರೆಂಬುದೂ ತಿಳಿದಿರಲಿಲ್ಲ. ಆ ಪತ್ರ ಸುಮಾರು ಐವತ್ತು ವರ್ಷಗಳ ಮೇಲೆ ಅಚ್ಚಿನ ಮುಖವನ್ನು ಕಂಡಿತು. ಕವಯಿತ್ರಿ ಆನಾ ಅಖ್ಮಾತೊವಾಳ ವೃತ್ತಾಂತವೂ ಇಂಥದೇ. ಮಗನನ್ನು ಸೆರೆಯಲ್ಲಿಟ್ಟಿದ್ದಾಗ ಲೆನಿನ್‌ಗ್ರಾಡಿನ ಸೆರೆಮನೆಯ ಬಾಗಿಲಲ್ಲಿ ನೂರಾರು ತಾಯಂದಿರೊಡನೆ ಹದಿನೇಳು ತಿಂಗಳು ಸಾಲುನಿಂತ ಆಕೆ ಆ ಅನುಭವವನ್ನು ‘ರಿಕ್ವಿಯಂ’ ಎಂಬ ಕವನಮಾಲೆಯಾಗಿ ರಚಿಸಿದಳು. ಚೂರುಕಾಗದದಲ್ಲಿ ಬರೆದುದನ್ನು ಗೆಳತಿ ಓದಿ ಕಂಠಸ್ಥ ಮಾಡಿಕೊಂಡೊಡನೆ ಕಾಗದವನ್ನು ಸುಟ್ಟುಬಿಡುತ್ತಿದ್ದರು. ಅದು ಮ್ಯೂನಿಕ್ಕಿನಲ್ಲಿ ೧೯೬೩ರಲ್ಲಿ, ಅವಳ ತಾಯ್ನೆಲದಲ್ಲಿ ೧೯೮೭ರಲ್ಲಿ ಪ್ರಕಟವಾಯಿತು. ಕಂಠದಲ್ಲಿಯೂ ಮನೆಮನೆಯ ತಾಳೆಗರಿಯ ಕಟ್ಟುಗಳಲ್ಲಿಯೂ ಉಳಿದುಬಂದು, ಫ. ಗು. ಹಳಕಟ್ಟಿಯವರಂಥವರ ಶ್ರಮದಿಂದ ಲೋಕಕ್ಕೆ ದೊರೆತ ವಚನಗಳನ್ನು ಓದುವ ನಮಗೆ ಈ ಸ್ತ್ರೀಯರ ತಪಸ್ಸಿನ ಬೆಲೆ ಬೇಗ ತಿಳಿಯುತ್ತದೆ.

೧೯೫೩ರ ಮಾರ್ಚಿ ೫ರಂದು ಸ್ಟಾಲಿನ್ ಸತ್ತನು. ೧೯೫೬ರ ಫೆಬ್ರವರಿ ೨೫ರಂದು ಕ್ರುಶ್ಚೇವ್ ಮುಚ್ಚಿದ ಬಾಗಿಲುಗಳ ಹಿಂದೆ ಅವನ ಕೃತ್ಯಗಳನ್ನು ಬಯಲುಮಾಡಿದನು. ಬುಖಾರಿನ್, ಜಿನೊವಿಯೆವ್, ಕಾಮೆನೆವರ ಮೇಲಣ ತೀರ್ಪುಗಳು ೧೯೮೮ರಲ್ಲಿ ರದ್ದಾದುವು. ೧೯೯೦ರ ಅಕ್ಟೋಬರ್ ೩೦ರಂದು ಮಾಸ್ಕೋದ ಗುಪ್ತಪೊಲೀಸು ಭವನದ ಎದುರಿನಲ್ಲಿ, ಹಳೆಯ ಸೆರೆಶಿಬಿರವಿದ್ದ ಸೊಲೊವ್‌ಕಿ ದ್ವೀಪದಿಂದ ತಂದ ಬಂಡೆಯೊಂದನ್ನು ನಿಲ್ಲಿಸಿದರು. ಪ್ರತಿವರ್ಷ ಅಕ್ಟೋಬರಿನಲ್ಲಿ ಜನರು ಅಲ್ಲಿ ಸಾಲುನಿಂತು ಹತರಾದವರ ಹೆಸರುಗಳನ್ನು ಒಂದೊಂದಾಗಿ ಓದುವ ಪದ್ಧತಿಯನ್ನು ‘ಮೆಮೋರಿಯಲ್’ ಎಂಬ ಸಂಸ್ಥೆ ೨೦೦೭ರಲ್ಲಿ ಆರಂಭಿಸಿತು. ಆ ಸಂಸ್ಥೆಯನ್ನು ೨೦೨೧ರ ಡಿಸೆಂಬರಿನಲ್ಲಿ ರಷ್ಯದ ಸರ್ವೋಚ್ಚ ನ್ಯಾಯಾಲಯವು ವಿಸರ್ಜಿಸುವಂತೆ ಆಜ್ಞಾಪಿಸಿತು. ಸ್ಮರಣೆಯೂ ಶುದ್ಧೀಕರಣಕ್ಕೆ ಒಳಗಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸ್ಟಾಲಿನ್ ದೇಶವನ್ನು ಯಂತ್ರಯುಗಕ್ಕೆ ತಂದನು, ಮಹಾಯುದ್ಧವನ್ನು ಗೆದ್ದನು, ಆ ಗೆಲವಿಗೆ ಇಷ್ಟು ಬೆಲೆ ಅನಿವಾರ್ಯವಾಗಿತ್ತು ಎಂದು ವಾದಿಸುವವರುಂಟು. ಯುದ್ಧಕ್ಕೆ ನಾಲ್ಕು ವರ್ಷ ಮೊದಲು ತನ್ನ ಸೇನೆಯ ಶಿರಸ್ಸನ್ನೇ ಕತ್ತರಿಸಿದವನು ೧೯೪೧ರ ಜೂನ್‌ನಲ್ಲಿ ಜರ್ಮನರು ಮೇಲೆರಗಿದಾಗ ಎಷ್ಟು ಭಾರಿಯಾದ ಸೋಲುಗಳನ್ನು ಅನುಭವಿಸಿದನೆಂಬುದನ್ನು ಆ ವಾದಿಗಳು ಮರೆಯುತ್ತಾರೆ. ಗೆದ್ದದ್ದು ಜನ, ಶುದ್ಧೀಕರಣವಲ್ಲ.

ಈ ಚರಿತ್ರೆಯನ್ನು ಒಬ್ಬ ಕ್ರೂರಿಯ ಕಥೆಯೆಂದು ಓದಿ ಮುಚ್ಚಿಟ್ಟರೆ ಅದರ ಅರ್ಧವನ್ನಷ್ಟೇ ಓದಿದಂತೆ. ೧೯೨೪ರ ಮೇ ತಿಂಗಳಲ್ಲಿ ಕೈಯೆತ್ತದೆ ಉಳಿದವರು, ೧೯೨೭ರಲ್ಲಿ ಕೈಯೆತ್ತಿದವರು, ೧೯೩೬ರಲ್ಲಿ ಹರ್ಷಪತ್ರ ಬರೆದವರು, ಇವರೆಲ್ಲರೂ ಬುದ್ಧಿವಂತರು, ತ್ಯಾಗಿಗಳು, ಸೆರೆಮನೆಯನ್ನು ಕಂಡವರು. ನುಡಿಗೂ ನಡೆಗೂ ನಡುವೆ ತೆರಪು ಬಿದ್ದ ಕ್ಷಣದಲ್ಲಿ ಆ ತೆರಪಿನೊಳಗೆ ಅಧಿಕಾರವು ಬಂದು ಕುಳಿತಿತು. ಒಂದು ಸಂಘವಾಗಲಿ, ಒಂದು ಪಕ್ಷವಾಗಲಿ, ಒಂದು ದೇಶವಾಗಲಿ ಶುದ್ಧಿಯ ಮಾತನ್ನೆತ್ತಿದಾಗ ನಾವು ಕೇಳಬೇಕಾದ ಪ್ರಶ್ನೆ ಸರಳವಾದುದು: ಈ ಶುದ್ಧಿ ಎಲ್ಲಿಂದ ತೊಡಗುತ್ತಿದೆ? ಎದುರಿಗಿರುವವನಿಂದಲೋ, ತನ್ನಿಂದಲೋ? ಆ ಪ್ರಶ್ನೆಯನ್ನು ನೆರೆಯವನ ಸರದಿಯಲ್ಲಿಯೇ ಕೇಳಬೇಕು. ನಮ್ಮ ಸರದಿ ಬರುವವರೆಗೆ ಕಾದರೆ ಕೇಳಿಸಿಕೊಳ್ಳಲು ಯಾರೂ ಉಳಿದಿರುವುದಿಲ್ಲ.